ಹತ್ತರಲ್ಲಿ ಒಂದು ಪಾಲಿನ ಶಕ್ತಿಮಾನ್

ನಾನು ಈ ಹವ್ಯಾಸದಲ್ಲಿ ತೊಡಗಿದ ಕಾಲಕ್ಕೆ ಬೆಂಗಳೂರಿನಲ್ಲಿ ರೇಡಿಯೋ ನಿಯಂತ್ರಿತ ಪ್ರತಿಕೃತಿಯೆಂದರೆ ವಿಮಾನದ ಮಾತೇ ಹೊರತು ಲಾರಿಯದಾಗಿರಲಿಲ್ಲ. ಜಕ್ಕೂರಿನ ಬಯಲಿನಲ್ಲಿ ಬಾಲ್ಸಾ ಮರದ ವಿಮಾನಗಳನ್ನು ಹಾರಿಸುತ್ತಿದ್ದ ಹಿರಿಯರೊಡನೆ, ಭೂಸೇನೆಯ ಲಾರಿಯೊಂದನ್ನು ಹತ್ತರಲ್ಲಿ ಒಂದು ಅಳತೆಗೆ ಇಳಿಸಿ, ಅದು ನಿಜದ ಲಾರಿಯಂತೆಯೇ ಭಾರವಾಗಿ ತೂಗಿ, ಹಳ್ಳಕ್ಕೆ ಬಾಗಿ, ದಿಣ್ಣೆ ಏರುವಂತೆ ಮಾಡಬೇಕೆಂಬ ಆಸೆಯನ್ನು ಹೇಳಿಕೊಂಡಾಗ ಪ್ರೋತ್ಸಾಹವೇನೋ ಯಥೇಚ್ಛವಾಗಿ ದೊರೆಯಿತು. ಸಾಮಗ್ರಿ ಮಾತ್ರ ದೊರೆಯಲಿಲ್ಲ. ಜಪಾನಿನ ಟಾಮಿಯಾ ಪೆಟ್ಟಿಗೆಗಳು ವಿದೇಶದಿಂದ ಮರಳುವ ಬಂಧುಗಳ ಸಾಮಾನಿನೊಡನೆ ಬರಬೇಕಾಗಿದ್ದಿತು. ಬಂದರೂ ಅವುಗಳಲ್ಲಿ ನಾನು ಬಯಸಿದ ಶಕ್ತಿಮಾನ್ ಲಾರಿ ಇರಲಿಲ್ಲ.

ಜರ್ಮನಿಯ ಮ್ಯಾನ್ ಸಂಸ್ಥೆಯ ಪರವಾನಗಿಯಿಂದ 1959ರಲ್ಲಿ ಜಬಲ್‌ಪುರದಲ್ಲಿ ತಯಾರಾಗತೊಡಗಿ, 1996ರ ವರೆಗೂ ತಯಾರಾಗಿ ನಮ್ಮ ಸೈನ್ಯದ ಹೊರೆಯನ್ನು ಹೊತ್ತ ಆ ಲಾರಿಯ ಮುಂಚಾಚಿದ ಬಾನೆಟ್ಟು, ದುಂಡನೆಯ ದೀಪಗಳು, ಕಮಾನುಗಳ ಮೇಲೆ ಬಿಗಿದ ಕ್ಯಾನ್ವಾಸು, ಇವನ್ನು ಕಂಡವರು ಬೇರೊಂದು ಲಾರಿಯೆಂದು ತಪ್ಪಾಗಿ ಗುರುತಿಸಲಾರರು. ಅದರ ನಕ್ಷೆ ನನ್ನಂಥ ಸಾಮಾನ್ಯನ ಕೈಗೆ ಎಟುಕುವುದಲ್ಲವಾದ ಕಾರಣ, ಸೈನ್ಯದಿಂದ ಹರಾಜಾಗಿ ಬಂದು ಶಿವಮೊಗ್ಗದ ಸಮೀಪದ ಸಾಮಿಲ್ಲೊಂದರ ಅಂಗಳದಲ್ಲಿ ನಿಂತಿದ್ದ ಹಳೆಯ ಶಕ್ತಿಮಾನಿನ ಬಳಿಗೆ ಟೇಪು, ಕ್ಯಾಲಿಪರು, ನೋಟುಪುಸ್ತಕಗಳನ್ನು ಹಿಡಿದು ಹೋದೆನು. ಚಾಸಿಯ ಕೆಳಗೆ ಮಲಗಿ ರಿವೆಟ್ಟುಗಳ ಅಂತರವನ್ನು ಅಳೆದೆನು. ಟೇಪಿಗೆ ಒಗ್ಗದ ಮಡ್ಗಾರ್ಡಿನ ಬಾಗನ್ನು ರಟ್ಟಿನ ಮೇಲೆ ಪೆನ್ಸಿಲಿನಿಂದ ಗೀರಿ ತಂದೆನು. ಪೀಣ್ಯದ ಲೇತ್ ಮೇಸ್ತ್ರಿಯೊಬ್ಬರು ನನ್ನ ಗೇರುಪೆಟ್ಟಿಗೆಯ ಷಾಫ್ಟುಗಳನ್ನು ಕಡೆದು ಕೊಡಲು ಒಪ್ಪಿದಾಗ, "ಅಳತೆ ಹೇಳಿ ಸ್ವಾಮಿ, ಅಂದಾಜು ಹೇಳ್ಬೇಡಿ" ಎಂದ ಮಾತೇ ಈ ವಿದ್ಯೆಯಲ್ಲಿ ನನಗಾದ ಮೊದಲ ಉಪದೇಶ.

ಆಕಾರವನ್ನು ಕಿರಿದುಗೊಳಿಸುವುದು ಒಂದು ಬಗೆಯ ಕೆಲಸ. ಚಲನೆಯನ್ನು ಕಿರಿದುಗೊಳಿಸುವುದು ಅದಕ್ಕಿಂತ ಬಹು ಕಠಿನವಾದುದು. ಉದ್ದ, ಅಗಲ, ಎತ್ತರಗಳು ಒಂದೊಂದೂ ಹತ್ತನೆಯ ಒಂದು ಪಾಲಾದರೆ ತೂಕವು ಸಾವಿರದ ಒಂದು ಪಾಲಾಗಿಬಿಡುವುದರಿಂದ, 5 ಟನ್ನಿನ ಲಾರಿ ಕೇವಲ 5 ಕಿಲೋಗ್ರಾಮಿಗೆ ಇಳಿಯುತ್ತದೆ. ಆದರೆ ಆಕ್ಸಲಿನ ಮೇಲೆ ಭಾರ ಹೊರುವ ಕಮಾನುಪಟ್ಟಿಯ (ಲೀಫ್ ಸ್ಪ್ರಿಂಗಿನ) ಬಿರುಸು ಅದೇ ಪ್ರಮಾಣದಲ್ಲಿ ಇಳಿಯದು. ಆದುದರಿಂದ ರೂಪದಲ್ಲಿ ಯಥಾವತ್ತಾಗಿ ಮಾಡಿದ ಪಟ್ಟಿಗಳು, ಬಾಗಬೇಕಾದುದರಲ್ಲಿ ಹತ್ತನೆಯ ಒಂದು ಪಾಲು ಮಾತ್ರ ಬಾಗಿ, ಬಂಡಿಯು ಕಲ್ಲಿನ ಮೇಲೆ ಕುಪ್ಪಳಿಸುತ್ತದೆ. ಸೇನೆಯಲ್ಲಿ ಶಕ್ತಿಮಾನ್ ಓಡಿಸಿ ನಿವೃತ್ತರಾದ ನೆರೆಮನೆಯ ಹಿರಿಯರು ನನ್ನ ಲಾರಿ ಅಂಗಳದಲ್ಲಿ ಓಡುವುದನ್ನು ನೋಡಿ, "ಇದು ಖಾಲಿ ಗಾಡಿ ನಡಿಗೆ ಕಣಪ್ಪ, ಲೋಡ್ ಗಾಡಿ ಹೀಗೆ ಹೋಗಲ್ಲ" ಎಂದರು. ಎಂಥ ಸೂಕ್ಷ್ಮದೃಷ್ಟಿ! ಮೇಲಿನ ಒಂದೆರಡು ಪಟ್ಟಿಗಳನ್ನು ಮಾತ್ರ ಉಕ್ಕಿನವಾಗಿ ಉಳಿಸಿ, ಕೆಳಗಿನವನ್ನು ಕಣ್ಣಿಗಷ್ಟೇ ಪಟ್ಟಿಯೆನಿಸುವ ತೆಳು ಪ್ಲಾಸ್ಟಿಕ್ಕಿನಿಂದ ಕತ್ತರಿಸಿ, ಆಕ್ಸಲುಗಳ ಬಳಿ ಸೀಸದ ತುಂಡುಗಳನ್ನು ಕಟ್ಟಿದ ಮೇಲೆ ಅವರು ತಲೆದೂಗಿದರು.

ವೇಗದ ಸಮಸ್ಯೆಯೂ ಇಂಥದೇ. ಗಂಟೆಗೆ 40 ಕಿಲೋಮೀಟರು ಓಡುವ ಲಾರಿಯ ಪ್ರತಿಕೃತಿ ಗಂಟೆಗೆ 4 ಕಿಲೋಮೀಟರಿನಲ್ಲಿ, ಎಂದರೆ ಮನುಷ್ಯನ ಕಾಲ್ನಡಿಗೆಯಲ್ಲಿ, ಸಾಗಿದರೆ ಕಣ್ಣು ಅದನ್ನು ಲಾರಿಯೆಂದು ನಂಬುತ್ತದೆ. ಅದಕ್ಕಿಂತ ಮಿಗಿಲಾದರೆ ಆಟದ ಸಾಮಾನೆನ್ನುತ್ತದೆ. ನಿಮಿಷಕ್ಕೆ ಹತ್ತು ಸಾವಿರ ಸುತ್ತನ್ನೂ ಮೀರಿ ತಿರುಗುವ ಮೋಟಾರನ್ನು ಹಲ್ಲುಚಕ್ರಗಳಿಂದ ಪಳಗಿಸಿದರೂ, ಅಂದಿನ ವೇಗನಿಯಂತ್ರಕವು ಸುರುಳಿತಂತಿಯ ಮೇಲೆ ಲೋಹದ ತೋಳೊಂದನ್ನು ಸರ್ವೋ ಎಂಬ ಪುಟ್ಟ ಮೋಟಾರು ಎಳೆದಾಡಿಸುವ ಸಾಧನವಾಗಿದ್ದುದರಿಂದ, ಬ್ಯಾಟರಿಯ ಶಕ್ತಿ ಬಿಸಿಯಾಗಿ ವ್ಯರ್ಥವಾಗುತ್ತಿದ್ದಿತು. ಲಾರಿ ಹೊರಡುವಾಗ ಜಗ್ಗಿ ಮುನ್ನುಗ್ಗುತ್ತಿದ್ದಿತು. ಮುಂದೆ ಬಂದ ಎಲೆಕ್ಟ್ರಾನಿಕ್ ನಿಯಂತ್ರಕವು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಮಿಡಿತಗಳಾಗಿ ಕತ್ತರಿಸಿ ಕೊಡತೊಡಗಿದಾಗ, ನನ್ನ ಶಕ್ತಿಮಾನ್ ಮೊತ್ತಮೊದಲಿಗೆ ತುಂಬಿದ ಹೊರೆಯನ್ನು ಹೊತ್ತಂತೆ ಮೆಲ್ಲಗೆ ಮಿಸುಕಿ ಹೊರಟಿತು. ಈ ಹವ್ಯಾಸದಲ್ಲಿ ನಾನು ಕಂಡ ಸಕಲ ಪರಿವರ್ತನೆಗಳಲ್ಲಿಯೂ ಇದನ್ನೇ ಅಗ್ರಗಣ್ಯವೆಂದು ಭಾವಿಸುತ್ತೇನೆ. ಇನ್ನು ರೇಡಿಯೋದ 27 ಮೆಗಾಹರ್ಟ್ಸಿನ ಜೋಡಿ ಹರಳುಗಳೂ, ಒಬ್ಬರ ಅಲೆ ಇನ್ನೊಬ್ಬರ ಬಂಡಿಯನ್ನು ಎಳೆದೊಯ್ಯದಿರಲೆಂದು ಕಟ್ಟುತ್ತಿದ್ದ ಬಣ್ಣದ ಪಟ್ಟಿಗಳೂ 2.4 ಗಿಗಾಹರ್ಟ್ಸಿನ ಉಪಕರಣಗಳು ಬಂದೊಡನೆ ಮರೆಯಾದುವು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈಗ ಸರ್ವೋ, ಲಿಥಿಯಂ ಬ್ಯಾಟರಿ, ನಿಯಂತ್ರಕ ಎಲ್ಲವೂ ಸಿಗುತ್ತವೆ. ರಷ್ಯದ ಉರಾಲ್ ಲಾರಿಯ ಚೀನೀ ಪ್ರತಿಕೃತಿಯನ್ನು ಕೊಂಡು ಅದನ್ನೇ ತಿದ್ದಿಕೊಳ್ಳುವ ತರುಣರಿದ್ದಾರೆ. ಗಣಕದಲ್ಲಿ ರೂಪ ಬರೆದು ತ್ರೀಡಿ ಪ್ರಿಂಟರಿನಲ್ಲಿ ಬಾಗಿಲು, ಬಂಪರುಗಳನ್ನು ತೆಗೆಯುವವರೂ ಇದ್ದಾರೆ. ಪದರಗಳ ಗೆರೆ ಮಾಯವಾಗುವ ತನಕ ಉಪ್ಪುಕಾಗದದಿಂದ ತಿಕ್ಕುವ ಅವರ ಸಹನೆ, ಅಲ್ಯುಮಿನಿಯಂ ತಗಡನ್ನು ಬಡಿಯುತ್ತಿದ್ದ ನಮ್ಮ ಸಹನೆಗಿಂತ ಕಡಿಮೆಯದೆಂದು ನಾನು ಹೇಳಲಾರೆನು. ಆದರೆ ಯಂತ್ರವು ಮುದ್ರಿಸುವುದು ಯಾರೋ ಅಳೆದುದನ್ನು ಮಾತ್ರ. ಅಳೆಯಬೇಕಾದ ಶಕ್ತಿಮಾನುಗಳಾದರೋ ಗುಜರಿಯಲ್ಲಿ ಕರಗುತ್ತಿವೆ.

ಅಂಥ ತರುಣರಲ್ಲೊಬ್ಬನು ನನ್ನ ಹಳೆಯ ನೋಟುಪುಸ್ತಕವನ್ನು ಪುಟಪುಟವಾಗಿ ಗಣಕಕ್ಕೆ ಏರಿಸುತ್ತಿದ್ದಾನೆ. "ಅಂಕಲ್, ಹಿಂದಿನ ಡಿಫರೆನ್ಷಿಯಲ್ ಉಬ್ಬು ಎಷ್ಟಿದೆ, ಬರೆದಿಲ್ವಲ್ಲ" ಎಂದು ಅವನು ಮೊನ್ನೆ ಕೇಳಿದನು. ಸಾಮಿಲ್ಲಿನ ಆ ಲಾರಿ ಅಂದು ಹಿಂಗಾಲಿಯ ತನಕ ಕೆಸರಿನಲ್ಲಿ ಹೂತಿದ್ದುದರಿಂದ ಆ ಭಾಗ ಟೇಪಿಗೆ ಸಿಕ್ಕಿರಲಿಲ್ಲ. ಇನ್ನೊಂದು ಶಕ್ತಿಮಾನ್ ಎಲ್ಲಿಯಾದರೂ ಉಳಿದಿದೆಯೇ ಎಂದು ನಾವಿಬ್ಬರೂ ಈಗ ತೀರ್ಥಹಳ್ಳಿ, ಸಾಗರಗಳ ಕಡೆಯ ಪರಿಚಿತರನ್ನು ವಿಚಾರಿಸುತ್ತಿದ್ದೇವೆ.