ನಮ್ಮವರು, ಅವರು

ಅಟ್ಲಾಂಟಾ ನಗರದ ಹೊರವಲಯದಲ್ಲಿ ನೆಲೆಸಿರುವ ನನ್ನ ಸೋದರಳಿಯನ ಮನೆಯಲ್ಲಿ ಮೂರು ವಾರ ಕಳೆದ ಮೇಲೆ, ಅಲ್ಲಿಯ ಅಂಗಡಿಗಳ ವೈಭವವನ್ನೂ ದೇವಾಲಯವನ್ನೂ ಕಣ್ತುಂಬ ಕಂಡು, ಕನ್ನಡಿಗರ ಮನೆಗಳ ಬಿಸಿಬೇಳೆಬಾತನ್ನು ಹೊಟ್ಟೆ ತುಂಬ ಉಂಡು, ಇನ್ನು ನೋಡತಕ್ಕದ್ದೇನೂ ಉಳಿದಿಲ್ಲವೆಂದು ಮನೆಯವರೆಲ್ಲ ನಿಶ್ಚಯಿಸಿದ್ದ ಒಂದು ಸಂಜೆ, ಸೆಲ್ಮಾ ಎಂಬ ಊರು ಅಲ್ಲಿಂದ ಎಷ್ಟು ದೂರವೆಂದು ನಾನು ಅವನನ್ನು ಕೇಳಿದೆನು. “ಅಲ್ಲೇನಿದೆ ಮಾವ? ಒಂದು ಹಳೇ ಸೇತುವೆ. ಬೇಕಾದರೆ ನಯಾಗರಾಕ್ಕೆ ಟಿಕೆಟ್ ಮಾಡಿಸ್ತೀನಿ” ಎಂದನು. ಮೂರೂವರೆ ಗಂಟೆಯ ಹಾದಿ. ಹದಿನೆಂಟು ವರ್ಷಗಳಿಂದ ಆ ಪ್ರಾಂತದಲ್ಲಿದ್ದರೂ ಅವನು ಅಲ್ಲಿಗೆ ಹೋದವನಲ್ಲ.

ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣವನ್ನು ಬೋಧಿಸಿದವನು. ಆದುದರಿಂದ ಜನ ಆಡುವ ಮಾತಿಗಿಂತ ಮಾತಿನಲ್ಲಿ ಬರುವ ಸರ್ವನಾಮಗಳ ಮೇಲೆಯೇ ನನ್ನ ಕಿವಿ ಹೆಚ್ಚಾಗಿ ನಿಲ್ಲುತ್ತದೆ. ಆ ಮೂರು ವಾರಗಳ ಔತಣಗಳಲ್ಲಿ ಮನೆ ಕೊಳ್ಳುವ ಪ್ರಸ್ತಾಪ ಬಂದಾಗಲೆಲ್ಲ ಯಾರಾದರೊಬ್ಬರು ಧ್ವನಿ ತಗ್ಗಿಸಿ, “ಆ ಕಡೆ ಬೇಡ, ಅಲ್ಲಿ ಅವರು ಜಾಸ್ತಿ” ಎನ್ನುತ್ತಿದ್ದರು. ‘ಅವರು’ ಯಾರೆಂದು ಯಾರೂ ಕೇಳುತ್ತಿರಲಿಲ್ಲ. ಸರ್ವನಾಮವು ಹಿಂದೆ ಹೇಳಿದ ನಾಮಪದದ ಸ್ಥಾನದಲ್ಲಿ ಬರತಕ್ಕದ್ದೆಂದು ನಾನು ಹುಡುಗರಿಗೆ ಕಲಿಸಿದ್ದೆನು. ಇಲ್ಲಿ ನಾಮಪದವು ಎಂದೂ ಉಚ್ಚರಿತವಾಗದೆಯೇ ಎಲ್ಲರಿಗೂ ಅರ್ಥವಾಗುತ್ತಿತ್ತು. ಹಾಗೆ ಹೇಳಿದವರು ಕ್ರೂರಿಗಳಲ್ಲ. ನನಗೆ ಜ್ವರ ಬಂದಾಗ ಗಂಜಿ ಮಾಡಿ ತಂದುಕೊಟ್ಟವರೂ ಅವರೇ. ಹಾಗಾಗಿಯೇ ಆ ಮಾತು ನನ್ನ ಮನಸ್ಸಿನಲ್ಲಿ ಮುಳ್ಳಾಗಿ ಉಳಿಯಿತು.

ಒಂದು ಶುಕ್ರವಾರ ಮಧ್ಯಾಹ್ನ ಹೊರಟೆವು. ಚಾಟಹೂಚಿ ನದಿಯನ್ನು ದಾಟಿ ಅಲಬಾಮಾ ಪ್ರಾಂತವನ್ನು ಹೊಕ್ಕೊಡನೆ ಕಾರಿನ ಗಡಿಯಾರವು ತಾನಾಗಿ ಒಂದು ಗಂಟೆ ಹಿಂದಕ್ಕೆ ಸರಿಯಿತು; ಆ ದೇಶದ ಕಾಲವಿಭಾಗದ ರೇಖೆ ಅಲ್ಲಿ ಹಾದುಹೋಗುತ್ತದೆ. ಇಕ್ಕೆಲಗಳಲ್ಲಿಯೂ ಪೈನ್ ಮರಗಳ ಕಾಡು, ಕತ್ತರಿಸಿದಲ್ಲೆಲ್ಲ ನಮ್ಮ ಮಲೆನಾಡಿನಂತಹ ಕೆಮ್ಮಣ್ಣು. 1881ರಲ್ಲಿ ಬುಕರ್ ವಾಷಿಂಗ್ಟನ್ ಕಪ್ಪು ಜನರಿಗಾಗಿ ವಿದ್ಯಾಸಂಸ್ಥೆಯನ್ನು ಕಟ್ಟಿದ ಟಸ್ಕೀಗಿಯ ಪಕ್ಕದಲ್ಲಿಯೇ ಹಾದು, ಸಂಜೆಗೆ ಮಾಂಟ್‌ಗೊಮರಿಯನ್ನು ಸೇರಿದೆವು.

ನಾವು ಇಳಿದುಕೊಂಡ ಹೆದ್ದಾರಿಯ ಬದಿಯ ಮೋಟೆಲ್ಲಿನ ಮಾಲೀಕರು ನಮ್ಮ ದೇಶದಿಂದಲೇ ಹೋಗಿ ನೆಲೆಸಿದವರು. ನಮ್ಮ ಮುಖ ನೋಡಿದೊಡನೆ ಹಿಂದಿಯಲ್ಲಿ ಕುಶಲ ವಿಚಾರಿಸಿ, ಗುರುತಿನ ಚೀಟಿಯನ್ನೂ ಸರಿಯಾಗಿ ನೋಡದೆ, ಬೀಗದ ಕಾರ್ಡನ್ನು ಕೈಗಿತ್ತು, ಚಹಾ ತರಿಸಿದರು. ನಾವು ಅಲ್ಲಿಯೇ ಕುಳಿತು ಚಹಾ ಕುಡಿಯುತ್ತಿರುವಾಗ ಕಪ್ಪು ಜನಾಂಗದ ಒಬ್ಬ ಹೆಂಗಸು, ನಿದ್ದೆಗಣ್ಣಿನ ಇಬ್ಬರು ಮಕ್ಕಳೊಡನೆ ಬಂದು ಕೋಣೆ ಕೇಳಿದಳು. ಅದೇ ಮಾಲೀಕರ ಮುಖ ಆ ಕ್ಷಣದಲ್ಲಿ ಕದವಿಕ್ಕಿದ ಮನೆಯಂತಾಯಿತು. ಬಾಡಿಗೆಯಲ್ಲದೆ ನೂರು ಡಾಲರು ಠೇವಣಿ ಇಡಬೇಕೆಂದೂ, ಅದು ನಿಯಮವೆಂದೂ ಹೇಳಿದರು. ಆಕೆ ನಮ್ಮ ಕಡೆ ಒಮ್ಮೆ ನೋಡಿ, ಏನೂ ಅನ್ನದೆ ಹಣ ಎಣಿಸಿಟ್ಟು, ಮಕ್ಕಳ ಕೈ ಹಿಡಿದು ಹೋದಳು. ನಮ್ಮಿಂದ ಠೇವಣಿಯನ್ನು ಯಾರೂ ಕೇಳಿರಲಿಲ್ಲ. ನಾನು ಚಹಾವನ್ನು ಕುಡಿದು ಮುಗಿಸಿದೆನು, ಮಾತನಾಡಲಿಲ್ಲ. ಈ ಕಥನವನ್ನು ಬರೆಯಲು ನನ್ನನ್ನು ಹಚ್ಚಿದ್ದು ಅಂದಿನ ಆ ಮೌನವೇ.

ಮರುದಿನ ಬೆಳಿಗ್ಗೆ ಊರನ್ನು ನೋಡಹೊರಟೆವು. ಮಾಂಟ್‌ಗೊಮರಿಯು ಇತಿಹಾಸವನ್ನು ಒಂದೇ ಬೀದಿಯಲ್ಲಿ ಎದುರುಬದುರಾಗಿ ನಿಲ್ಲಿಸಿರುವ ಊರು. ದಾಸ್ಯಪದ್ಧತಿಯನ್ನು ಉಳಿಸಿಕೊಳ್ಳುವುದಕ್ಕಾಗಿ ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ಪ್ರಾಂತಗಳ ಅಧ್ಯಕ್ಷನಾಗಿ ಜೆಫರ್ಸನ್ ಡೇವಿಸನು 1861ರಲ್ಲಿ ಪ್ರಮಾಣವಚನ ಸ್ವೀಕರಿಸಿದ ಶಾಸನಭವನದ ಮೆಟ್ಟಿಲುಗಳಿಂದ ಕೂಗಳತೆಯಲ್ಲಿ, ಮಾರ್ಟಿನ್ ಲೂಥರ್ ಕಿಂಗರು ಯುವಕ ಪಾದ್ರಿಯಾಗಿದ್ದ ಕೆಂಪು ಇಟ್ಟಿಗೆಯ ಚರ್ಚು ನಿಂತಿದೆ. 1955ರ ಡಿಸೆಂಬರ್ 1ರಂದು ಹೊಲಿಗೆಯ ಕೆಲಸ ಮುಗಿಸಿ ಮನೆಗೆ ಹೊರಟಿದ್ದ ರೋಸಾ ಪಾರ್ಕ್ಸ್ ಎಂಬಾಕೆ, ಬಿಳಿಯನೊಬ್ಬನಿಗಾಗಿ ಬಸ್ಸಿನ ಆಸನವನ್ನು ತೆರವು ಮಾಡಲೊಲ್ಲದೆ ಬಂಧಿತಳಾದುದು ಈ ಊರಿನಲ್ಲಿ. ಅದೇ ವರ್ಷದ ಮಾರ್ಚಿಯಲ್ಲಿ ಹದಿನೈದು ವರ್ಷದ ಹುಡುಗಿ ಕ್ಲಾಡೆಟ್ ಕಾಲ್ವಿನ್ ಕೂಡ ಹಾಗೆಯೇ ಕುಳಿತು ಸೆರೆಗೆ ಹೋಗಿದ್ದಳು. ಅವಳ ಹೆಸರನ್ನು ಲೋಕ ಬಹುಕಾಲ ಮರೆತಿತ್ತು. ರೋಸಾ ಪಾರ್ಕ್ಸ್ ಬಂಧಿತಳಾದ ಮೇಲೆ 381 ದಿನ ಈ ಊರಿನ ಕಪ್ಪು ಜನರು ಬಸ್ಸು ಹತ್ತಲಿಲ್ಲ. ಬಿಳಿಯರ ಮನೆಗಳಲ್ಲಿ ಅಡುಗೆ ಮಾಡಿ, ಬಟ್ಟೆ ಒಗೆದು, ಮಕ್ಕಳನ್ನು ಸಾಕಿದ ಹೆಂಗಸರು ಬೆಳಗು ಬೈಗು ನಡೆದೇ ಹೋದರು. ಚರಿತ್ರೆಯ ಪುಸ್ತಕಗಳಲ್ಲಿ ಅದು ಸತ್ಯಾಗ್ರಹ. ಆ ಹೆಂಗಸರ ಪಾಲಿಗೆ ಅದು ಸವೆದ ಚಪ್ಪಲಿ, ಊದಿದ ಕಾಲು.

ಊರಿನ ವಸ್ತುಸಂಗ್ರಹಾಲಯದಲ್ಲಿ, ಒಂದು ಕುಡಿಯುವ ನೀರಿನ ನಲ್ಲಿಯ ಮೇಲೆ ‘ಬಿಳಿಯರಿಗೆ’ ಎಂದೂ ಮತ್ತೊಂದರ ಮೇಲೆ ‘ಬಣ್ಣದವರಿಗೆ’ ಎಂದೂ ಫಲಕ ತೂಗಿದ್ದ ಕಾಲವನ್ನು ಕಂಡೆವು. ಅಳಿಯನು, “ಎಂಥ ಜನ ಮಾವ, ನೀರಿಗೂ ಬೋರ್ಡು!” ಎಂದು ನಿಟ್ಟುಸಿರಿಟ್ಟನು. ನನಗೆ ನಮ್ಮೂರಿನ ದೇವಸ್ಥಾನದ ಮುಂದಿನ ಬಾವಿ ನೆನಪಿಗೆ ಬಂದಿತು. ಅದರ ಕಟ್ಟೆಯ ಮೇಲೆ ಯಾವ ಫಲಕವೂ ಇರಲಿಲ್ಲ. ಕೇರಿಯ ಹೆಂಗಸರು ಬಿಂದಿಗೆಯನ್ನು ಕೆಳಗಿಟ್ಟು, ಯಾರಾದರೂ ಸೇದಿ ಹೊಯ್ಯುವರೆಂದು ಬಿಸಿಲಿನಲ್ಲಿ ದೂರ ನಿಂತಿರುತ್ತಿದ್ದರು. ಬಾಲಕನಾದ ನಾನು ಅವರನ್ನು ಹಾದು ಹೋಗಿ ಬಾವಿಗೆ ಕೊಡ ಇಳಿಸುತ್ತಿದ್ದೆನು. ಅಕ್ಷರ ಬಾರದವರಿಗೂ ತಿಳಿದಿದ್ದ ನಿಯಮಕ್ಕೆ ಫಲಕವೇಕೆ? ಇದನ್ನು ಅಳಿಯನಿಗೆ ಹೇಳಿದೆನು. ಅವನು ಮತ್ತೆ ಆ ಫಲಕದ ಕಡೆ ನೋಡಲಿಲ್ಲ.

ಅಲ್ಲಿಂದ ದಿಬ್ಬದ ಮೇಲಿನ ಸ್ಮಾರಕಕ್ಕೆ ಹೋದೆವು. 1877ರಿಂದ 1950ರವರೆಗೆ ಜನರ ಗುಂಪು ವಿಚಾರಣೆಯಿಲ್ಲದೆ ಕೊಂದ 4,400ಕ್ಕೂ ಹೆಚ್ಚು ಕಪ್ಪು ಜನರ ನೆನಪಿಗಾಗಿ, ಬ್ರಯನ್ ಸ್ಟೀವನ್‌ಸನ್ ಎಂಬ ವಕೀಲರ ಸಂಸ್ಥೆಯು 2018ರಲ್ಲಿ ಕಟ್ಟಿದುದು ಅದು. ಕೊಲೆ ನಡೆದ ಒಂದೊಂದು ಜಿಲ್ಲೆಗೆ ಒಂದೊಂದರಂತೆ, ಆಳೆತ್ತರದ ತುಕ್ಕುಬಣ್ಣದ ಉಕ್ಕಿನ ಕಂಬಗಳು ಎಂಟುನೂರಕ್ಕೂ ಮಿಕ್ಕಿ ಇವೆ. ಪ್ರವೇಶಿಸುವಾಗ ಅವು ನಮ್ಮೆದುರು ಮುಖಕ್ಕೆ ಮುಖವಾಗಿ ನಿಂತಿರುತ್ತವೆ. ಮುಂದೆ ಹೋದಂತೆಲ್ಲ ನೆಲವು ಇಳಿಜಾರಾಗಿ, ಕಂಬಗಳು ಇದ್ದಲ್ಲಿಯೇ ಉಳಿದು, ಕೊನೆಗೆ ನಾವು ತಲೆಯೆತ್ತಿ ನೋಡುವಷ್ಟು ಮೇಲೆ ಅವು ನೇತಾಡತೊಡಗುತ್ತವೆ. ಕೆಲವರ ಕೊಲೆಗೆ ಕೊಟ್ಟ ಕಾರಣಗಳನ್ನು ಗೋಡೆಯ ಮೇಲೆ ಒಂದೊಂದೇ ವಾಕ್ಯದಲ್ಲಿ ಬರೆದಿದ್ದಾರೆ. ಅಲಬಾಮಾದ ಲೂವರ್ನ್ ಎಂಬಲ್ಲಿ 1940ರಲ್ಲಿ ಜೆಸ್ಸಿ ಥಾರ್ನ್‌ಟನ್ ಎಂಬವನು ಸತ್ತುದು, ಬಿಳಿಯ ಪೊಲೀಸನೊಬ್ಬನ ಹೆಸರಿನ ಮೊದಲು ‘ಮಿಸ್ಟರ್’ ಎಂಬ ಗೌರವಪದವನ್ನು ಸೇರಿಸದೆ ಕರೆದನೆಂಬ ಅಪರಾಧಕ್ಕಾಗಿ. ಈ ವಾಕ್ಯದ ಮುಂದೆ ನಾನು ಬಹಳ ಹೊತ್ತು ನಿಂತೆನು. ಅಮೆರಿಕದ ಪ್ರವಾಸಿಗರಿಗೆ ಅದು ವಿಚಿತ್ರವಾಗಿ ತೋರಿರಬಹುದು. ಏಕವಚನ ಬಹುವಚನಗಳ ಭಾಷೆಯಲ್ಲಿ ಹುಟ್ಟಿದವನಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಎಪ್ಪತ್ತು ವಯಸ್ಸಿನ ಜೀತದಾಳು ಹತ್ತು ವಯಸ್ಸಿನ ಗೌಡರ ಮಗನನ್ನು ‘ನೀವು’ ಎನ್ನುತ್ತಿದ್ದುದನ್ನೂ, ಹುಡುಗನು ಮುದುಕನನ್ನು ‘ನೀನು’ ಎನ್ನುತ್ತಿದ್ದುದನ್ನೂ ಕೇಳಿಯೇ ನಾನು ಬೆಳೆದೆನು. ಅದೇ ಸರ್ವನಾಮಗಳನ್ನು ಮುಂದೆ ಶಾಲೆಯಲ್ಲಿ ಬೋಧಿಸಿದೆನು.

ಮಧ್ಯಾಹ್ನ ಸೆಲ್ಮಾಕ್ಕೆ ಹೋದೆವು. ಐವತ್ತು ಮೈಲಿ ದೂರದ ಆ ಊರಿನ ಅಂಗಡಿಗಳಲ್ಲಿ ಎಷ್ಟೋ ಮುಚ್ಚಿವೆ. ಬೀದಿಗಳಲ್ಲಿ ಜನ ವಿರಳ. ಅಲಬಾಮಾ ನದಿಯ ಮೇಲಿನ ಸೇತುವೆಯ ಕಮಾನಿನ ಮೇಲೆ ಎಡ್ಮಂಡ್ ಪೆಟ್ಟಸ್ ಎಂಬ ಹೆಸರು ದಪ್ಪಕ್ಷರಗಳಲ್ಲಿದೆ. ಆತನು ದಾಸ್ಯದ ಪಕ್ಷದಲ್ಲಿ ಕಾದಿದ ಸೇನಾಪತಿ. ಸೇತುವೆಯ ನಡು ಗೂನು ಬೆನ್ನಿನಂತೆ ಏರಿರುವುದರಿಂದ ಊರಿನ ಕಡೆಯಿಂದ ಹತ್ತುವವನಿಗೆ ಆಚೆಯ ದಡದಲ್ಲಿ ಏನಿದೆಯೆಂಬುದು ಕಾಣುವುದಿಲ್ಲ. 1965ರ ಮಾರ್ಚಿ 7ರ ಭಾನುವಾರ, ಮತದಾನದ ಹಕ್ಕನ್ನು ಕೇಳುತ್ತ ಮಾಂಟ್‌ಗೊಮರಿಗೆ ನಡೆದು ಹೊರಟ ಸುಮಾರು ಆರುನೂರು ಮಂದಿ ಈ ನೆತ್ತಿಯನ್ನು ತಲುಪಿದಾಗಲೇ ಕೆಳಗೆ ಕಾದು ನಿಂತಿದ್ದ ಪೊಲೀಸರನ್ನು ಕಂಡರು. ಕಂಡೂ ಇಳಿದರು. ಮುಂದಿನ ಸಾಲಿನಲ್ಲಿದ್ದ ಇಪ್ಪತ್ತೈದು ವರ್ಷದ ಜಾನ್ ಲೂಯಿಸರ ತಲೆಬುರುಡೆ ಲಾಠಿಯೇಟಿಗೆ ಬಿರಿಯಿತು. 2020ರಲ್ಲಿ ಅವರು ತೀರಿಕೊಂಡಾಗ ಅವರ ಶವವನ್ನು ಕುದುರೆಗಾಡಿಯಲ್ಲಿರಿಸಿ ಇದೇ ಸೇತುವೆಯ ಮೇಲೆ ಕೊನೆಯ ಸಲ ದಾಟಿಸಿದರು.

ನೆತ್ತಿಯಲ್ಲಿ ಕಂಬಿ ಹಿಡಿದು ನಿಂತು ನಾನು ಅಳಿಯನಿಗೆ ಎರಡು ತಾರೀಖುಗಳನ್ನು ಹೇಳಿದೆನು. ಈ ಜನರ ರಕ್ತಕ್ಕೆ ಉತ್ತರವಾಗಿ ಮತದಾನದ ಹಕ್ಕಿನ ಕಾನೂನು ಬಂದುದು 1965ರ ಆಗಸ್ಟ್ 6ರಂದು. ಅದೇ ಗಾಳಿ ಬೀಸುತ್ತಿರುವಾಗಲೇ, ಎರಡು ತಿಂಗಳೊಳಗೆ, ಅಕ್ಟೋಬರ್ 3ರಂದು, ಹುಟ್ಟಿದ ದೇಶವನ್ನು ನೋಡಿ ವಲಸೆಗಾರರನ್ನು ತೂಗುತ್ತಿದ್ದ ಹಳೆಯ ಪದ್ಧತಿಯನ್ನು ರದ್ದುಮಾಡಿದ ಕಾನೂನಿಗೆ ಸಹಿ ಬಿದ್ದಿತು. ಅದಕ್ಕೆ ಮೊದಲು ಇಡೀ ಭಾರತಕ್ಕೆ ವರ್ಷಕ್ಕೆ ನೂರು ಮಂದಿಯ ಲೆಕ್ಕ. “ನೀನು ಬಂದ ಬಾಗಿಲನ್ನು ತಳ್ಳಿದವರು ಇವರು” ಎಂದೆನು. ಅವನು ನದಿಯನ್ನು ನೋಡುತ್ತ, “ಇದನ್ನ ನನಗೆ ಯಾರೂ ಹೇಳಲೇ ಇಲ್ಲ ಮಾವ” ಎಂದನು.

ಅಲ್ಲಿ ನಿಂತಿರುವಾಗ ನನಗೆ ನೆನಪಾದವರು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ. ರೋಸಾ ಪಾರ್ಕ್ಸ್ ಬಂಧಿತಳಾಗುವುದಕ್ಕೆ ಹದಿನಾಲ್ಕು ವರ್ಷ ಮೊದಲು, 1941ರಲ್ಲಿ, ಅಮೆರಿಕದ ಈ ದಕ್ಷಿಣದಲ್ಲಿಯೇ ರೈಲಿನಲ್ಲಿ ಹೋಗುತ್ತಿದ್ದ ಅವರನ್ನು, ಬಿಳಿಯರ ಡಬ್ಬಿಯಿಂದ ಏಳಬೇಕೆಂದು ಟಿಕೆಟ್ಟಿನವನು ಆಜ್ಞಾಪಿಸಿದನು. ಅವರು ಏಳಲಿಲ್ಲ. ಆಕೆ ಪರದೇಶದವರೆಂದು ಸಂದೇಹ ಬಂದು ಅವನು ಯಾವ ದೇಶವೆಂದು ವಿಚಾರಿಸಿದನು. ಭಾರತವೆಂದು ಹೇಳಿದ್ದರೆ ರಿಯಾಯಿತಿ ಸಿಕ್ಕುತ್ತಿತ್ತು. ಕಮಲಾದೇವಿಯವರು ಆ ರಿಯಾಯಿತಿಯನ್ನು ಒಲ್ಲದೆ, ತಾನು ಬಣ್ಣದ ಹೆಂಗಸೆಂದೂ, ಏಳುವ ಉದ್ದೇಶ ತನಗಿಲ್ಲವೆಂದೂ ಉತ್ತರವಿತ್ತರು. ಇದಕ್ಕೆ ಎದುರಾದ ಇನ್ನೊಂದು ಕಥೆಯೂ ಉಂಟು. ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡರು, ತಾವು ಮೇಲುಜಾತಿಯ ಆರ್ಯರಾದುದರಿಂದ ಬಿಳಿಯರೇ ಎಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯದಲ್ಲಿ ವಾದಿಸಿದರು. 1923ರಲ್ಲಿ ನ್ಯಾಯಾಲಯವು ಅದನ್ನು ತಳ್ಳಿಹಾಕಿತು. ಒಬ್ಬರು ಬೇಲಿಯೊಳಗೆ ತಮಗೊಂದು ಜಾಗ ಕೇಳಿದರು. ಇನ್ನೊಬ್ಬರು ಕೇಳದೆಯೇ ಒದಗಿಬಂದ ಜಾಗವನ್ನು ಬಿಟ್ಟು ಬೇಲಿಯ ಹೊರಗಿನವರ ಜೊತೆ ಕುಳಿತರು. 1959ರಲ್ಲಿ ಭಾರತಕ್ಕೆ ಬಂದಿದ್ದ ಕಿಂಗರನ್ನು ಕೇರಳದ ಶಾಲೆಯೊಂದರಲ್ಲಿ, ಅಸ್ಪೃಶ್ಯರ ಮಕ್ಕಳ ಮುಂದೆ, ಅಮೆರಿಕದ ಅಸ್ಪೃಶ್ಯರೆಂದೇ ಪರಿಚಯ ಮಾಡಿಕೊಟ್ಟರಂತೆ. ಮೊದಲು ಬೆಚ್ಚಿದ ಅವರು, ಆಮೇಲೆ ಯೋಚಿಸಿ, ಹೌದು, ನಾನು ಅದೇ ಎಂದು ಒಪ್ಪಿಕೊಂಡರು. ನಾನು ಮಾತ್ರ ಹಿಂದಿನ ರಾತ್ರಿ ಒಂದು ಬಟ್ಟಲು ಚಹಾದೊಡನೆ ಬಂದ ರಿಯಾಯಿತಿಯನ್ನು ಮಾತಿಲ್ಲದೆ ಸ್ವೀಕರಿಸಿದ್ದೆನು.

ಭಾನುವಾರ ಬೆಳಿಗ್ಗೆ ಕೋಣೆ ತೆರವು ಮಾಡುವಾಗ ಮೋಟೆಲ್ಲಿನ ಮಾಲೀಕರನ್ನು ಕೇಳಿದೆನು: “ಆ ತಾಯಿಯಿಂದ ಠೇವಣಿ ತೆಗೆದುಕೊಂಡಿರಿ, ನಮ್ಮಿಂದ ಏಕೆ ತೆಗೆದುಕೊಳ್ಳಲಿಲ್ಲ?” ಅವರು ನಕ್ಕು, “ನೀವು ನಮ್ಮವರಲ್ಲವೇ?” ಎಂದರು. ಪ್ರೀತಿಯಿಂದಲೇ ಹೇಳಿದರು. ‘ನಮ್ಮವರು’ ಎಂಬ ಮಾತು ಯಾರನ್ನೂ ಹೊರಗಿಡದಷ್ಟು ವಿಶಾಲವಾಗಬೇಕೆಂದು ಬಸವಣ್ಣನವರು ಹೇಳಿ ಎಂಟುನೂರು ವರ್ಷಗಳೇ ಮೀರಿವೆ. ಅದೇ ಮಾತು ಅಲಬಾಮಾದ ಹೆದ್ದಾರಿಯ ಬದಿಯಲ್ಲಿ ಒಬ್ಬ ತಾಯಿಯ ಮುಂದೆ ಅಗುಳಿಯಾಗಿತ್ತು. “ಆಕೆಯೂ ನಿಮ್ಮ ಮನೆಗೆ ಬಂದ ಅತಿಥಿ. ನಿಯಮವಾದರೆ ಇಬ್ಬರಿಗೂ ಇರಲಿ, ಇಲ್ಲವಾದರೆ ಇಬ್ಬರಿಗೂ ಬೇಡ” ಎಂದೆನು. ಅವರ ನಗೆ ನಿಂತಿತು. ರಸೀದಿಯನ್ನು ಮುದ್ರಿಸಿ, ಕಣ್ಣೆತ್ತದೆ ನನ್ನ ಕಡೆಗೆ ಸರಿಸಿದರು. ಅವರು ಅಂದಿನಿಂದ ಬದಲಾದರೆಂದು ನಾನು ನಂಬಲಾರೆ. ಆ ತಾಯಿಯಂತೂ ಅಷ್ಟು ಹೊತ್ತಿಗೆ ಹೋಗಿಬಿಟ್ಟಿದ್ದಳು. ಎರಡು ರಾತ್ರಿ ತಡವಾಗಿ ಬಂದ ನನ್ನ ಮಾತು ಅವಳ ಯಾವ ಉಪಯೋಗಕ್ಕೂ ಬರಲಿಲ್ಲ.

ಮಕ್ಕಳನ್ನು ನೋಡಲೆಂದು ಅಮೆರಿಕಕ್ಕೆ ಹೊರಟ ತಂದೆತಾಯಿಗಳಲ್ಲಿ ನನ್ನದೊಂದು ಬಿನ್ನಹ. ನಯಾಗರಾವನ್ನು ಅವಶ್ಯವಾಗಿ ನೋಡಿರಿ. ಅದರ ಜೊತೆಗೆ ಸೆಲ್ಮಾದ ಸೇತುವೆಯನ್ನೂ ಒಮ್ಮೆ ಹತ್ತಿ ಇಳಿಯಿರಿ. ನಿಮ್ಮ ಮಕ್ಕಳ ಮನೆಯ ಊಟದ ಮೇಜಿನಲ್ಲಿ ‘ಅವರು’ ಎಂಬ ಮಾತು ಧ್ವನಿ ತಗ್ಗಿಸಿಕೊಂಡು ಬಂದಾಗ, ಯಾರವರು ಎಂದು ದಯವಿಟ್ಟು ಗಟ್ಟಿಯಾಗಿ ಕೇಳಿರಿ. ಊರಿಗೆ ಮರಳಿದ ಮೇಲೂ ಕೇಳುವುದನ್ನು ಬಿಡಬೇಡಿರಿ.