ಸಾಲಿನ ಕೆಳಗಿನ ಬೆರಳು

ಗಣಕಯಂತ್ರಕ್ಕೆ ಸಿಟ್ಟಿಲ್ಲ, ಸೋಮಾರಿತನವಿಲ್ಲ. ಹೇಳಿದ್ದನ್ನು ಹೇಳಿದಂತೆಯೇ ಮಾಡುವ ವಿಧೇಯತೆ ಮಾತ್ರ ಅದಕ್ಕೆ ಉಂಟು. ಈ ವಿಧೇಯತೆಯೇ ಎಷ್ಟೋ ವೇಳೆ ನಮ್ಮನ್ನು ಪೇಚಿಗೆ ಸಿಲುಕಿಸುತ್ತದೆ. ಮನಸ್ಸಿನಲ್ಲಿದ್ದುದು ಒಂದು, ಬರೆದುದು ಇನ್ನೊಂದು ಆದಾಗ ಯಂತ್ರವು ಬರೆದುದನ್ನೇ ನಡೆಸುತ್ತದೆ. ಭಾವಕ್ಕೂ ಬರಹಕ್ಕೂ ನಡುವೆ ಬಿದ್ದ ಈ ಬಿರುಕನ್ನು ಪ್ರೋಗ್ರಾಂ ಬರೆಯುವವರು ‘ಬಗ್’, ಎಂದರೆ ಹುಳು, ಎಂದು ಕರೆಯುತ್ತಾರೆ.

ಈ ಹೆಸರಿಗೆ ಒಂದು ಕಥೆಯನ್ನು ಅಂಟಿಸುವುದು ವಾಡಿಕೆ. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕ್-2 ಯಂತ್ರದ ರಿಲೇಯೊಂದರಲ್ಲಿ ಪತಂಗವೊಂದು ಸಿಕ್ಕಿಕೊಂಡಿತ್ತು. ಅದನ್ನು ತೆಗೆದವರು ದಿನಚರಿಯ ಪುಟಕ್ಕೆ ಅಂಟಿಸಿ, ನಿಜವಾದ ಹುಳುವೇ ಸಿಕ್ಕಿತೆಂದು ಬರೆದಿಟ್ಟರು. ಕಥೆಯೇನೋ ನಿಜ, ಆದರೆ ಮಾತು ಅದಕ್ಕಿಂತ ಹಳೆಯದು. ಉಪಕರಣಗಳ ಸಣ್ಣಪುಟ್ಟ ದೋಷಗಳನ್ನು ಥಾಮಸ್ ಎಡಿಸನ್ 1878ರಲ್ಲಿಯೇ ಹೀಗೆ ಕರೆದಿದ್ದ. ಮುಂದೆ 1961ರ ಸುಮಾರಿಗೆ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ ಪಿಡಿಪಿ-1 ಯಂತ್ರಕ್ಕಾಗಿ ದೋಷ ಹುಡುಕುವ ಸಾಧನವೊಂದನ್ನು ರಚಿಸಿದಾಗ ಅದಕ್ಕೆ ‘ಡಿಡಿಟಿ’ ಎಂದೇ ನಾಮಕರಣವಾಯಿತು. ಸೊಳ್ಳೆಗಳನ್ನು ಕೊಲ್ಲಲು ಗೋಡೆಗೋಡೆಗೂ ಸಿಂಪಡಿಸುತ್ತಿದ್ದ ಆ ಮದ್ದನ್ನು ನಮ್ಮ ಹಿರಿಯರೂ ಬಲ್ಲರು. ವಿದ್ವಾಂಸರಿಗೂ ವಿನೋದ ವರ್ಜ್ಯವಲ್ಲ!

ಇಂಥ ಸಾಧನಕ್ಕೆ ಡೀಬಗರ್ ಎಂದು ಹೆಸರು. ಇಂದಿಗೂ ವಿಶೇಷವಾಗಿ ಬಳಕೆಯಲ್ಲಿರುವ ‘ಜಿಡಿಬಿ’ ಎಂಬುದನ್ನು ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದರು. ಓಡುತ್ತಿರುವ ಪ್ರೋಗ್ರಾಮನ್ನು ನಾವು ಹೇಳಿದ ಸಾಲಿನಲ್ಲಿ ಅದು ತಡೆದು ನಿಲ್ಲಿಸುತ್ತದೆ. ‘ನೆಕ್ಸ್ಟ್’ ಎಂದರೆ ಒಂದು ಸಾಲು ಮುಂದೆ ನಡೆಸುತ್ತದೆ. ‘ಪ್ರಿಂಟ್’ ಎಂದರೆ ಆ ಕ್ಷಣದಲ್ಲಿ ಯಾವ ಚರಾಕ್ಷರದ ಬೆಲೆ ಎಷ್ಟೆಂದು ತಿಳಿಸುತ್ತದೆ. ಸಾಮರ್ಥ್ಯ ದೊಡ್ಡದು, ಆದರೆ ಮಾತು ಬಹಳ ಮಿತ. ನಿಂತ ಸ್ಥಳದ ಒಂದೇ ಸಾಲನ್ನು, ಅದರ ಸಂಖ್ಯೆಯೊಂದಿಗೆ, ತೆರೆಯ ಮೇಲೆ ಬರೆದು ಸುಮ್ಮನಾಗುತ್ತದೆ. ಅದರ ಹಿಂದುಮುಂದಿನ ಸಾಲುಗಳು ಬೇಕಾದರೆ ಮತ್ತೆ ಕೇಳಬೇಕು. ಇಲ್ಲವೇ ಆ ಸಂಖ್ಯೆಯನ್ನು ನೆನಪಿನಲ್ಲಿಟ್ಟುಕೊಂಡು ಎಡಿಟರಿಗೆ ಹೋಗಿ ಹುಡುಕಬೇಕು. ಮರಳಿ ಬರುವಷ್ಟರಲ್ಲಿ ಚರಾಕ್ಷರದ ಬೆಲೆ ಮರೆತಿರುತ್ತದೆ. ನಿಘಂಟನ್ನು ಅಟ್ಟದ ಮೇಲಿಟ್ಟು, ಕೆಳಗೆ ಕುಳಿತು ಹಳಗನ್ನಡ ಕಾವ್ಯವನ್ನು ಓದುವವನ ಪಾಡು ಇದು. ಇಲ್ಲಿ ವ್ಯರ್ಥವಾಗುವುದು ಹೊತ್ತಿಗಿಂತ ಹೆಚ್ಚಾಗಿ ಯೋಚನೆಯ ಎಳೆ.

ಎದುರು ಮನೆಯ ಕಾಲೇಜು ಹುಡುಗಿಯೊಬ್ಬಳು ಹೀಗೆಯೇ ಬಳಲಿ ಒಂದು ಸಂಜೆ ನನ್ನಲ್ಲಿಗೆ ಬಂದಳು. ವರ್ಷದ ಹನ್ನೆರಡು ತಿಂಗಳ ಮಳೆಯನ್ನು ಕೂಡಿ, ತಿಂಗಳಿಗೆ ಸರಾಸರಿ ಎಷ್ಟೆಂದು ಹೇಳುವ ಪುಟ್ಟ ಪ್ರೋಗ್ರಾಂ ಅವಳದು. ಉತ್ತರ 2,802 ಮಿಲಿಮೀಟರ್ ಎಂದು ಬರುತ್ತಿತ್ತು. ಮರುದಿನ ಅದನ್ನು ತರಗತಿಯಲ್ಲಿ ಒಪ್ಪಿಸಬೇಕು.

“ನೂರು ಸಲ ಓದಿದೆ ಸಾರ್, ತಪ್ಪೇ ಕಾಣುವುದಿಲ್ಲ” ಎಂದಳು.

“ಓದಿದ್ದು ಸಾಕಮ್ಮ, ಇನ್ನು ನಡೆಸಿ ನೋಡು” ಎಂದೆ.

ಸ್ಟಾಲ್‌ಮನ್ನರೇ ರಚಿಸಿ 1985ರಲ್ಲಿ ಹೊರತಂದ ಇಮ್ಯಾಕ್ಸ್ ಎಂಬ ಎಡಿಟರ್ ನನ್ನಲ್ಲಿತ್ತು. ಅದರೊಳಗಿನಿಂದಲೇ ಜಿಡಿಬಿಯನ್ನು ಕರೆಯಬಹುದು. ತೆರೆ ಎರಡು ಭಾಗವಾಗುತ್ತದೆ. ಒಂದರಲ್ಲಿ ಡೀಬಗರಿನೊಡನೆ ಸಂಭಾಷಣೆ, ಇನ್ನೊಂದರಲ್ಲಿ ಪ್ರೋಗ್ರಾಮಿನ ಪಠ್ಯ. ಪ್ರೋಗ್ರಾಂ ನಿಂತ ಸಾಲಿನ ಅಂಚಿನಲ್ಲಿ ಒಂದು ಚಿಕ್ಕ ಬಾಣ ಮೂಡುತ್ತದೆ. ‘ನೆಕ್ಸ್ಟ್’ ಎಂದಾಗಲೆಲ್ಲ ಬಾಣ ಮುಂದಿನ ಸಾಲಿಗೆ ಸರಿಯುತ್ತದೆ. ಅಕ್ಷರ ಕಲಿಯುವ ಮಗು ಸಾಲಿನ ಕೆಳಗೆ ಬೆರಳಿಟ್ಟು ಓದುವುದಿಲ್ಲವೆ, ಹಾಗೆ.

ಹುಡುಗಿ ಕೂಡುವ ಸಾಲಿನಲ್ಲಿ ತಡೆಯನ್ನಿಟ್ಟು ಬಾಣವನ್ನು ನಡೆಸತೊಡಗಿದಳು. ಸಿ ಭಾಷೆಯಲ್ಲಿ ಎಣಿಕೆ ಸೊನ್ನೆಯಿಂದ ಆರಂಭ. ಹನ್ನೆರಡು ತಿಂಗಳಿಗೆ ಸೊನ್ನೆಯಿಂದ ಹನ್ನೊಂದರವರೆಗಿನ ಮನೆಗಳು. ಹನ್ನೊಂದು ಮುಗಿದಾಗ ಮೊತ್ತ 864, ಸರಿಯಾಗಿಯೇ ಇತ್ತು. ಬಾಣ ಹೊರಗೆ ಬರಬೇಕಾಗಿತ್ತು. ಬರಲಿಲ್ಲ, ಇನ್ನೊಮ್ಮೆ ಅದೇ ಸಾಲಿಗೆ ಹೋಗಿ ನಿಂತಿತು. ಮುಂದೆ ನಡೆಸಿದರೆ ಮೊತ್ತ 33,631! ಇಲ್ಲದ ಹದಿಮೂರನೆಯ ಮನೆಯ ಬಾಗಿಲನ್ನು ತಟ್ಟಿ, ಅಲ್ಲಿ ಬಿದ್ದಿದ್ದ ಯಾವುದೋ ಸಂಖ್ಯೆಯನ್ನು ಯಂತ್ರ ಹೊತ್ತು ತಂದಿತ್ತು. ‘ಹನ್ನೆರಡಕ್ಕಿಂತ ಕಡಿಮೆ’ ಎಂದಿರಬೇಕಾದ ಕಡೆ ‘ಕಡಿಮೆ ಅಥವಾ ಸಮ’ ಎಂದಿತ್ತು. ಅವಳು ಸಮಚಿಹ್ನೆಯನ್ನು ಅಳಿಸಿದಳು. ಸರಾಸರಿ 72ಕ್ಕೆ ಇಳಿಯಿತು.

ಈ ಬಾಣಕ್ಕೆ ದಾರಿ ಹೇಗೆ ತಿಳಿಯಿತು? ಹಳೆಯ ಏರ್ಪಾಡು ಆಶ್ಚರ್ಯಪಡುವಷ್ಟು ಸರಳ. ಪ್ರೋಗ್ರಾಂ ನಿಂತಾಗಲೆಲ್ಲ ಜಿಡಿಬಿ ತನ್ನ ಮಾತಿನ ನಡುವೆ ಒಂದು ಗುಟ್ಟಿನ ಸಾಲನ್ನು ಸೇರಿಸುತ್ತದೆ. ಮೊದಲಿಗೆ ಕಣ್ಣಿಗೆ ಕಾಣದ, 26 ಎಂಬ ಸಂಕೇತಸಂಖ್ಯೆಯುಳ್ಳ ಅಕ್ಷರ ಎರಡು ಬಾರಿ. ಬಳಿಕ ಕಡತದ ಹೆಸರು, ಸಾಲಿನ ಸಂಖ್ಯೆ. ಇಮ್ಯಾಕ್ಸ್ ಆ ಸಾಲನ್ನು ನಮಗೆ ತೋರಿಸದೆ ನುಂಗಿ, ಆ ಕಡತವನ್ನು ತೆರೆದು, ಆ ಸಾಲಿನ ಬಳಿ ಬಾಣವನ್ನು ನಿಲ್ಲಿಸುತ್ತದೆ. ಎದುರು ದಿಕ್ಕಿನಲ್ಲಿಯೂ ಹೀಗೆಯೇ. ಪಠ್ಯದ ಸಾಲೊಂದರಲ್ಲಿ ನಿಂತು ಗೊತ್ತಾದ ಕೀಲಿಗಳನ್ನು ಒತ್ತಿದರೆ, ‘ಇಂಥ ಕಡತದ ಇಂಥ ಸಾಲಿನಲ್ಲಿ ತಡೆ’ ಎಂಬ ಆದೇಶವನ್ನು ಎಡಿಟರ್ ತಾನೇ ಬರೆದು ಡೀಬಗರಿಗೆ ಕಳುಹಿಸುತ್ತದೆ. ಆದರೆ ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುವಾಗ ಸಾಲುಗಳ ಲೆಕ್ಕವನ್ನೂ ಜೊತೆಯಲ್ಲಿ ಇರಿಸುವಂತೆ ಹೇಳಿರಬೇಕು. ಇಲ್ಲವಾದರೆ ಬಾಣವೂ ಕುರುಡು.

ಒಂದು ಕಾರ್ಯಕ್ಕೆ ಒಂದೇ ಉಪಕರಣ ಸಾಕು, ಎಲ್ಲವನ್ನೂ ಒಂದರೊಳಗೆ ತುರುಕಬಾರದು ಎನ್ನುವವರು ಉಂಟು. ಅವರ ಮಾತನ್ನು ನಾನು ತಳ್ಳಿಹಾಕಲಾರೆ. ಆದರೆ ಇಲ್ಲಿ ಯಾವುದನ್ನೂ ತುರುಕಿಲ್ಲ. ಡೀಬಗರ್ ಡೀಬಗರಾಗಿಯೇ, ಎಡಿಟರ್ ಎಡಿಟರಾಗಿಯೇ ಉಳಿದಿವೆ. ನಡುವೆ ಇರುವುದು ಒಂದು ಒಪ್ಪಂದ ಮಾತ್ರ. ಆದುದರಿಂದಲೇ ಎರಿಕ್ ರೇಮಂಡ್ 1992ರಲ್ಲಿ ಇಮ್ಯಾಕ್ಸಿನ ಈ ಭಾಗವನ್ನು ಹೊಸದಾಗಿ ಬರೆದಾಗ, ಜಿಡಿಬಿಯಷ್ಟೇ ಅಲ್ಲದೆ ಬೇರೆ ಡೀಬಗರುಗಳೂ ಅದೇ ಬಾಣವನ್ನು ನಡೆಸುವಂತಾಯಿತು. ಮುಂದೆ ಜಿಡಿಬಿಯವರು ಮನುಷ್ಯರಿಗಲ್ಲ, ಬೇರೆ ಪ್ರೋಗ್ರಾಮುಗಳಿಗೇ ಉತ್ತರ ಕೊಡಲೆಂದು ಕಟ್ಟುನಿಟ್ಟಾದ ಇನ್ನೊಂದು ಭಾಷೆಯನ್ನು ರೂಪಿಸಿದರು. ಇಮ್ಯಾಕ್ಸಿನ ಹಳೆಯ ಪ್ರತಿಸ್ಪರ್ಧಿಯಾದ ವಿಮ್ ಎಂಬ ಎಡಿಟರಿಗೂ 2018ರಲ್ಲಿ ಅದರ 8.1ನೆಯ ಆವೃತ್ತಿಯೊಡನೆ ಜಿಡಿಬಿಯ ನಂಟು ಕೂಡಿಬಂದಿತು.