ನಿಲ್ದಾಣದಿಂದ ಕಾಲೇಜಿಗೆ

ಮೈಸೂರಿಗೆ ಹೋದವರು ಅರಮನೆಯನ್ನು ನೋಡುತ್ತಾರೆ. ಚಾಮುಂಡಿ ಬೆಟ್ಟವನ್ನು ಏರುತ್ತಾರೆ. ಮಕ್ಕಳು ಜೊತೆಯಲ್ಲಿದ್ದರೆ ಮೃಗಾಲಯದಲ್ಲಿ ಒಂದು ಹೊತ್ತು ಕಳೆಯುತ್ತಾರೆ. ಮಹಾರಾಜ ಕಾಲೇಜನ್ನು ನೋಡಬೇಕೆಂದು ಹೊರಟವರನ್ನು ನಾನು ಕಂಡುದು ಅಪರೂಪ. “ಕಾಲೇಜನ್ನು ನೋಡುವುದೇನು, ಅದು ದೇವಸ್ಥಾನವೆ?” ಎಂದು ನನ್ನ ಮನೆಯಾಕೆಯೇ ಕೇಳುತ್ತಾಳೆ. ಕನ್ನಡದಲ್ಲಿ ಎಂ.ಎ. ಮಾಡಿ, ಕನ್ನಡ ಪಾಠವನ್ನೇ ಹೇಳಿ ಅನ್ನವುಣ್ಣುತ್ತಿರುವ ನನಗೆ ಅದು ದೇವಸ್ಥಾನವಲ್ಲದಿದ್ದರೂ ತವರುಮನೆಯಂತೂ ಹೌದು.

ದಾರಿ ಸುಲಭ. ಬೆಂಗಳೂರಿನಿಂದ ಮೈಸೂರಿಗೆ ಸುಮಾರು 140 ಕಿಲೋಮೀಟರು. ಬಸ್ಸುಗಳಿಗೆ ಕೊರತೆಯಿಲ್ಲ. ಆದರೂ ರೈಲಿನಲ್ಲಿ ಹೋಗುವುದೇ ಲೇಸೆಂದು ನನ್ನ ಮತ. ನಿಲ್ದಾಣದಿಂದ ಹೊರಬಂದೊಡನೆ ಆಟೋದವರು ಸುತ್ತುವರಿಯುತ್ತಾರೆ, ವಿನಯದಿಂದಲೇ ಬೇಡವೆನ್ನಿ. ಝಾನ್ಸಿ ಲಕ್ಷ್ಮೀಬಾಯಿ ರಸ್ತೆಯನ್ನು ಹಿಡಿದು ದಕ್ಷಿಣಕ್ಕೆ ನಡೆಯಿರಿ. ಮೆಟ್ರೊಪೋಲ್ ವೃತ್ತವನ್ನು ದಾಟಿ ಅದೇ ರಸ್ತೆಯಲ್ಲಿ ಮುಂದುವರಿದರೆ ಕಾಲೇಜಿನ ಆವರಣ ಸಿಕ್ಕುತ್ತದೆ. ನಿಧಾನವಾಗಿ ನಡೆದರೂ ಇಪ್ಪತ್ತು ನಿಮಿಷದ ಹಾದಿ.

ನಡೆದೇ ಹೋಗಬೇಕೆಂಬುದಕ್ಕೆ ಒಂದು ಕಾರಣವುಂಟು. 1918ರಲ್ಲಿ ಡಾ. ಎಸ್. ರಾಧಾಕೃಷ್ಣನ್ ಅವರು ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ ಈ ಕಾಲೇಜಿಗೆ ಬಂದರು. 1921ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾನಿಲಯ ಅವರನ್ನು ಕರೆಯಿತು. ಅವರು ಹೊರಟ ದಿನ ವಿದ್ಯಾರ್ಥಿಗಳು ಗಾಡಿಯನ್ನು ಹೂವಿನಿಂದ ಸಿಂಗರಿಸಿ, ಕುದುರೆಗಳನ್ನು ಬಿಚ್ಚಿ, ತಾವೇ ನೊಗಕ್ಕೆ ಹೆಗಲು ಕೊಟ್ಟು ರೈಲು ನಿಲ್ದಾಣದವರೆಗೆ ಎಳೆದೊಯ್ದರೆಂಬ ಸಂಗತಿ ಮೈಸೂರಿನಲ್ಲಿ ಇಂದಿಗೂ ಮನೆಮಾತು. ಅವರು ಆಗ ರಾಷ್ಟ್ರಪತಿಗಳಲ್ಲ. ಮೂರು ವರ್ಷ ಚೆನ್ನಾಗಿ ಪಾಠ ಹೇಳಿದ, ಮೂವತ್ತು ದಾಟಿದ ಒಬ್ಬ ಮೇಷ್ಟರು, ಅಷ್ಟೆ.

ಕಳೆದ ವರ್ಷ ನಮ್ಮ ಅಕ್ಕನ ಮಗನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಪಿ.ಯು. ಮುಗಿಸಿ ಮುಂದೇನೆಂದು ಯೋಚಿಸುತ್ತಿದ್ದ ಹುಡುಗ. ಕಂಬಗಳ ಸಾಲಿನ ನೆರಳಿನಲ್ಲಿ ನಿಂತು ಕೇಳಿದ: “ಮಾವ, ಕನ್ನಡ ಮನೆಯಲ್ಲೇ ಬರುತ್ತದಲ್ಲ, ಅದನ್ನು ಓದುವುದಕ್ಕೆ ಕಾಲೇಜು ಯಾಕೆ ಬೇಕು?”

ಪ್ರಶ್ನೆ ಅವನೊಬ್ಬನದೇ ಅಲ್ಲ. ಪ್ರವೇಶದ ದಿನಗಳಲ್ಲಿ ತಂದೆತಾಯಿಗಳು ಇದನ್ನೇ ನನ್ನನ್ನು ಕೇಳುತ್ತಾರೆ. ಕೇಳದೆ ಹೋದವರು ಮಗನನ್ನು ಬೇರೆ ವಿಷಯಕ್ಕೆ ಸೇರಿಸಿರುತ್ತಾರೆ. ತರಗತಿಯಲ್ಲಿ ಬೆಂಚುಗಳು ಬರಿದಾಗುತ್ತ ಬಂದಂತೆ, ನನಗೂ ರಾತ್ರಿಯ ಹೊತ್ತು ಆ ಪ್ರಶ್ನೆ ಎದುರಾಗುತ್ತದೆ.

ಹುಡುಗನಿಗೆ ನಾನು ಉಪದೇಶ ಮಾಡಲಿಲ್ಲ. ಆ ಕಟ್ಟಡದ ಕಥೆಯನ್ನೇ ಹೇಳಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1916ರ ಜುಲೈ 27ರಂದು ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಈ ಮಹಾರಾಜ ಕಾಲೇಜು ಅದರ ಎರಡು ಕಣ್ಣುಗಳಾದವು. ಕನ್ನಡ ನಾಡಿನ ವಿಶ್ವವಿದ್ಯಾನಿಲಯವೇ ಆದರೂ ಕನ್ನಡದಲ್ಲಿ ಎಂ.ಎ. ತರಗತಿ ತೆರೆದದ್ದು 1927ರಲ್ಲಿ, ಹನ್ನೊಂದು ವರ್ಷಗಳ ಬಳಿಕ. ಅದಕ್ಕೆ ಮೊದಲಿಂದ ಇಲ್ಲಿ ಕನ್ನಡದ ಪರವಾಗಿ ದುಡಿದ ಬಿ.ಎಂ. ಶ್ರೀಕಂಠಯ್ಯನವರು ಕಲಿಸುತ್ತಿದ್ದುದು ಇಂಗ್ಲಿಷ್! ಟಿ.ಎಸ್. ವೆಂಕಣ್ಣಯ್ಯನವರು ಕನ್ನಡದ ಪ್ರಾಧ್ಯಾಪಕರಾದರು. ಅವರ ಶಿಷ್ಯ ಕುವೆಂಪು 1929ರಲ್ಲಿ ಎಂ.ಎ. ಮುಗಿಸಿ ಇಲ್ಲಿಯೇ ಅಧ್ಯಾಪಕರಾದರು, 1955ರಲ್ಲಿ ಪ್ರಿನ್ಸಿಪಾಲರು, ಮರುವರ್ಷವೇ ಕುಲಪತಿಗಳು. ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅವರು ಅರ್ಪಿಸಿದ್ದು ಆ ವೇಳೆಗೆ ತೀರಿಹೋಗಿದ್ದ ಗುರು ವೆಂಕಣ್ಣಯ್ಯನವರಿಗೆ. ಮುಂದೆ ಸ್ನಾತಕೋತ್ತರ ತರಗತಿಗಳು ಮಾನಸಗಂಗೋತ್ರಿಗೆ ಸಾಗಿದವು. ಆ ಹೆಸರನ್ನು ಕೊಟ್ಟವರೂ ಕುವೆಂಪು.

ಹುಡುಗ ಸುಮ್ಮನೆ ಕೇಳಿದ. ಅವನ ಪ್ರಶ್ನೆಗೆ ನೇರವಾದ ಉತ್ತರ ಸ್ವಲ್ಪ ದೂರದಲ್ಲಿತ್ತು. ಕಾಲೇಜಿನಿಂದ ಕೃಷ್ಣರಾಜ ಬುಲೆವಾರ್ಡಿಗೆ ಹೋದರೆ ಪ್ರಾಚ್ಯ ಸಂಶೋಧನಾಲಯ. ಅಲ್ಲಿನ ಓಲೆಗರಿಗಳ ನಡುವೆ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. 1909ರಲ್ಲಿ ಅದು ಅಚ್ಚಾಯಿತು. ಗ್ರಂಥವೇನೋ ಸಂಸ್ಕೃತದ್ದು. ಆದರೆ ಮಾತು ಕನ್ನಡಕ್ಕೂ ಸಲ್ಲುತ್ತದೆ. “ಓಲೆ ಅವರ ಎದುರಿಗೇ ಇತ್ತು ಕಣೋ. ಓದಬಲ್ಲವರೊಬ್ಬರು ಇದ್ದುದರಿಂದ ಅದು ಪುಸ್ತಕವಾಯಿತು. ಪಂಪನ ಪದ್ಯ ಮನೆಯಲ್ಲಿ ತಾನಾಗಿ ಬರುವುದಿಲ್ಲ, ಯಾರಾದರೂ ಕೂತು ಕಲಿಯಬೇಕು, ಕಲಿಸಬೇಕು” ಎಂದೆ.

ಅವನು ಕಡೆಗೆ ವಾಣಿಜ್ಯಶಾಸ್ತ್ರವನ್ನೇ ಆರಿಸಿಕೊಂಡ. ನನಗೆ ಬೇಸರವಿಲ್ಲ. ಭಾಷೆಯ ಪತ್ರಿಕೆಗೆ ಕನ್ನಡವನ್ನು ತೆಗೆದುಕೊಂಡಿದ್ದಾನೆ. ಮೊನ್ನೆ ಒಂದು ಹಳಗನ್ನಡ ಪದ್ಯದ ಅರ್ಥವನ್ನು ಕೇಳಿ ಫೋನು ಮಾಡಿದ್ದ. ಅರ್ಧ ಗಂಟೆ ಮಾತಾಡಿದೆವು.

ನೀವು ಹೋಗುವುದಾದರೆ ಕೆಲಸದ ದಿನ ಹೋಗಿ. ಕಚೇರಿಯಲ್ಲಿ ಅನುಮತಿ ಕೇಳಿ. ಪಾಠ ನಡೆಯುವ ಕೊಠಡಿಗಳಿಗೆ ಇಣುಕಬೇಡಿ. ಹೊರಗೆ ಕೇಳಿಬರುವ ದನಿಯೇ ಸಾಕು. ಸಂಜೆಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಂದು ಸುತ್ತು ಹಾಕಿ, ಮತ್ತೆ ನಿಲ್ದಾಣಕ್ಕೆ ನಡೆದೇ ಬನ್ನಿ.

ನನ್ನ ಗಾಡಿಯನ್ನು ವಿದ್ಯಾರ್ಥಿಗಳು ಎಳೆಯುವ ಸಂಭವವಿಲ್ಲ. ನನ್ನದು ಸ್ಕೂಟರು, ಅದನ್ನು ಯಾರಾದರೂ ತಳ್ಳುತ್ತಿದ್ದರೆ ಪೆಟ್ರೋಲು ಮುಗಿದಿದೆಯೆಂದೇ ಅರ್ಥ. ಆದರೂ ಆ ರಸ್ತೆಯಲ್ಲಿ ನಡೆದು ಬಂದ ಮರುದಿನದ ಪಾಠಕ್ಕೆ ನಾನು ಎಂದಿಗಿಂತ ಒಂದು ಗಂಟೆ ಹೆಚ್ಚು ಸಿದ್ಧತೆ ಮಾಡಿಕೊಳ್ಳುತ್ತೇನೆ.